ಡೆಬಿಯನ್‌ನಲ್ಲಿ ಇನಿಟ್ ವ್ಯವಸ್ಥೆಯ ಬದಲಾವಣೆ

ಡೆಬಿಯನ್ ಎಂಬುದು ಸ್ವಯಂಸೇವಕರು ರೂಪಿಸಿ ನಿರ್ವಹಿಸುತ್ತಿರುವ ಒಂದು ಲಿನಕ್ಸ್ ವಿತರಣೆ. 2015ರ ಏಪ್ರಿಲ್ 25ರಂದು ಬಿಡುಗಡೆಯಾದ ಅದರ 8ನೆಯ ಆವೃತ್ತಿಯಲ್ಲಿ, ಬಹುಕಾಲದಿಂದ ಬಳಕೆಯಲ್ಲಿದ್ದ 'ಸಿಸ್‌ವಿ ಇನಿಟ್' ವ್ಯವಸ್ಥೆಯ ಸ್ಥಾನಕ್ಕೆ 'ಸಿಸ್ಟಮ್‌ಡಿ' ಬಂದಿತು. ಈ ಆವೃತ್ತಿಯ ಹೆಸರು 'ಜೆಸ್ಸಿ', ಹಿಂದಿನದು 'ವೀಝಿ'. ಎರಡೂ 'ಟಾಯ್ ಸ್ಟೋರಿ' ಚಲನಚಿತ್ರಗಳ ಪಾತ್ರಗಳು. ಹೆಸರುಗಳು ಮಕ್ಕಳ ಆಟಿಕೆಗಳದಾದರೂ ಈ ಬದಲಾವಣೆ ಯೋಜನೆಯ ಒಳಗೆ ಎಬ್ಬಿಸಿದ ವಿವಾದ ಸಣ್ಣದಲ್ಲ.

ಇನಿಟ್ ಎಂದರೇನು

ಗಣಕವನ್ನು ಚಾಲೂ ಮಾಡಿದಾಗ ಬೂಟ್ ಲೋಡರ್ ಎಂಬ ಕಿರು ತಂತ್ರಾಂಶವು ಕರ್ನೆಲ್ ಅನ್ನು ಸ್ಮೃತಿಗೆ ತರುತ್ತದೆ. ಕರ್ನೆಲ್ ತನ್ನ ಸಿದ್ಧತೆಯನ್ನು ಮುಗಿಸಿ, ಬಳಕೆದಾರರ ವಲಯದಲ್ಲಿ ಒಂದೇ ಒಂದು ಪ್ರಕ್ರಿಯೆಯನ್ನು ಆರಂಭಿಸುತ್ತದೆ. ಅದೇ ಇನಿಟ್. ಅದರ ಕ್ರಮಸಂಖ್ಯೆ ಯಾವಾಗಲೂ 1. ಡಿಸ್ಕ್‌ಗಳ ಜೋಡಣೆ, ಜಾಲ ಸಂಪರ್ಕ, ಲಾಗಿನ್ ಪರದೆ, ಮುದ್ರಣ ಸೇವೆ ಮುಂತಾದುವೆಲ್ಲ ಅದರ ಮೂಲಕವೇ ಆರಂಭಗೊಳ್ಳುತ್ತವೆ. ತಾಯಿ ಪ್ರಕ್ರಿಯೆಯನ್ನು ಕಳೆದುಕೊಂಡ ಪ್ರಕ್ರಿಯೆಗಳನ್ನು ದತ್ತು ತೆಗೆದುಕೊಳ್ಳುವುದೂ ಅದರ ಹೊಣೆ. ಬೆಳಿಗ್ಗೆ ಶಾಲೆಯ ಬೀಗ ತೆಗೆದು, ಕೊಠಡಿಗಳನ್ನು ತೆರೆದು, ಗಂಟೆ ಬಾರಿಸಿ, ಸಂಜೆ ಎಲ್ಲರೂ ಹೋದ ಮೇಲೆ ಬಾಗಿಲು ಹಾಕುವ ಜವಾನನಿಗೆ ಇದನ್ನು ಹೋಲಿಸಬಹುದು. ಪಾಠ ಮಾಡುವವನು ಅವನಲ್ಲ. ಆದರೆ ಅವನು ಬಾರದ ದಿನ ಪಾಠ ನಡೆಯುವುದಿಲ್ಲ.

ಹಳೆಯ ಕ್ರಮ

ಸಿಸ್‌ವಿ ಇನಿಟ್‌ನ ಹೆಸರು ಎಟಿ ಆ್ಯಂಡ್ ಟಿ ಸಂಸ್ಥೆಯು 1983ರಲ್ಲಿ ಹೊರತಂದ 'ಯುನಿಕ್ಸ್ ಸಿಸ್ಟಮ್ ಫೈವ್'ನಿಂದ ಬಂದಿದೆ. ಲಿನಕ್ಸ್‌ಗಾಗಿ ಅದನ್ನು ಬರೆದವರು ಮಿಕೆಲ್ ವಾನ್ ಸ್ಮೂರೆನ್‌ಬರ್ಗ್. ಇದರಲ್ಲಿ 0ಯಿಂದ 6ರವರೆಗೆ 'ರನ್‌ಲೆವೆಲ್' ಎಂಬ ಸ್ಥಿತಿಗಳಿವೆ. 0 ಎಂದರೆ ಯಂತ್ರವನ್ನು ನಿಲ್ಲಿಸುವುದು, 1 ಎಂದರೆ ದುರಸ್ತಿಗಾಗಿ ಒಬ್ಬನೇ ಬಳಸುವ ಸ್ಥಿತಿ, 6 ಎಂದರೆ ಮರುಪ್ರಾರಂಭ. ಡೆಬಿಯನ್‌ನಲ್ಲಿ ದೈನಂದಿನ ಸ್ಥಿತಿ 2. ಪ್ರತಿಯೊಂದು ಸೇವೆಗೂ ಒಂದು ಶೆಲ್ ಲಿಪಿ ಇರುತ್ತದೆ. ಲಿಪಿಯ ಕೊಂಡಿಗೆ ಇಟ್ಟ ಎರಡಂಕಿಯ ಸಂಖ್ಯೆಯನ್ನು ಅನುಸರಿಸಿ ಅವು ಸರದಿಯಂತೆ ನಡೆಯುತ್ತವೆ. 2011ರ 6ನೆಯ ಆವೃತ್ತಿಯಿಂದ, ಯಾವ ಸೇವೆಗೆ ಯಾವುದು ಮೊದಲು ಬೇಕೆಂಬುದನ್ನು ನೋಡಿ ಸರದಿಯನ್ನು ತಾನೇ ಲೆಕ್ಕಹಾಕುವ ಏರ್ಪಾಡೂ ಬಂದಿತ್ತು.

ಈ ಕ್ರಮದ ಗುಣವೆಂದರೆ ಸರಳತೆ. ಲಿಪಿಯನ್ನು ತೆರೆದು ಓದಿದರೆ ಏನು ನಡೆಯುತ್ತದೆಂದು ತಿಳಿಯುತ್ತದೆ. ದೋಷವೆಂದರೆ, ಸೇವೆಯನ್ನು ಆರಂಭಿಸಿದ ಮೇಲೆ ಅದು ಬದುಕಿದೆಯೋ ಸತ್ತಿದೆಯೋ ಎಂದು ಸಾಮಾನ್ಯವಾಗಿ ಯಾರೂ ವಿಚಾರಿಸುವುದಿಲ್ಲ.

ಸಿಸ್ಟಮ್‌ಡಿ

ಲೆನಾರ್ಟ್ ಪೊಯೆಟರಿಂಗ್ ಮತ್ತು ಕೇ ಸೀವರ್ಸ್ 2010ರಲ್ಲಿ ಇದನ್ನು ಆರಂಭಿಸಿದರು. ಲಿಪಿಯ ಬದಲಿಗೆ ಇಲ್ಲಿ 'ಯೂನಿಟ್' ಎಂಬ ಚಿಕ್ಕ ಘೋಷಣಾ ಕಡತಗಳಿವೆ. ಸೇವೆಗಳು ಪರಸ್ಪರ ಮಾತಾಡುವ ಸಾಕೆಟ್‌ಗಳನ್ನು ಅದು ಮೊದಲೇ ತೆರೆದಿಡಬಲ್ಲದು; ಆದ್ದರಿಂದ ಒಂದು ಸೇವೆ ಸಿದ್ಧವಾಗುವ ಮುನ್ನವೇ ಇನ್ನೊಂದು ಅದಕ್ಕೆ ಸಂದೇಶ ಕಳುಹಿಸಬಹುದು, ಸಂದೇಶ ಕಾಯುತ್ತಿರುತ್ತದೆ. ಹೀಗೆ ಅನೇಕ ಸೇವೆಗಳು ಏಕಕಾಲಕ್ಕೆ ಏಳುತ್ತವೆ. ಪ್ರತಿ ಸೇವೆಯ ಎಲ್ಲ ಪ್ರಕ್ರಿಯೆಗಳನ್ನೂ ಕರ್ನೆಲ್‌ನ 'ನಿಯಂತ್ರಣ ಗುಂಪು'ಗಳಲ್ಲಿ ಇರಿಸುವುದರಿಂದ ಯಾವುದೂ ಕಣ್ತಪ್ಪಿ ಹೋಗುವುದಿಲ್ಲ. ಈ ಸೌಲಭ್ಯ ಲಿನಕ್ಸ್ ಕರ್ನೆಲ್‌ನದೇ ಆದುದರಿಂದ ಡೆಬಿಯನ್‌ನ ಹರ್ಡ್ ಮತ್ತು ಫ್ರೀಬಿಎಸ್‌ಡಿ ಕರ್ನೆಲ್ ಆಧಾರಿತ ರೂಪಗಳಿಗೆ ಸಿಸ್ಟಮ್‌ಡಿ ಒಗ್ಗಲಿಲ್ಲ.

ವಿವಾದ

2011ರಲ್ಲಿ ಫೆಡೋರಾ 15 ಸಿಸ್ಟಮ್‌ಡಿಯನ್ನು ಸ್ವೀಕರಿಸಿತು. ಉಬುಂಟು ತನ್ನದೇ ಆದ 'ಅಪ್‌ಸ್ಟಾರ್ಟ್' ಅನ್ನು 2006ರಿಂದ ಬಳಸುತ್ತಿತ್ತು. ಡೆಬಿಯನ್ ಯಾವುದನ್ನು ಆರಿಸಬೇಕೆಂಬ ಪ್ರಶ್ನೆ 2013ರಲ್ಲಿ ಯೋಜನೆಯ ತಾಂತ್ರಿಕ ಸಮಿತಿಯ ಮುಂದೆ ಬಂದಿತು. ಎಂಟು ಸದಸ್ಯರ ಸಮಿತಿಯ ಅಭಿಪ್ರಾಯ ಸಮನಾಗಿ ಒಡೆದು, 2014ರ ಫೆಬ್ರವರಿಯಲ್ಲಿ ಅಧ್ಯಕ್ಷ ಬಿಡೇಲ್ ಗಾರ್ಬಿಯವರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಆಯ್ಕೆಯಾಯಿತು. ಕೆಲವೇ ದಿನಗಳಲ್ಲಿ ಉಬುಂಟುವಿನ ಮಾರ್ಕ್ ಶಟಲ್‌ವರ್ತ್ ತಮ್ಮ ವಿತರಣೆಯೂ ಅದನ್ನೇ ಅನುಸರಿಸುವುದೆಂದು ಪ್ರಕಟಿಸಿದರು.

ಅಲ್ಲಿಗೆ ಮುಗಿಯಲಿಲ್ಲ. ಇನಿಟ್‌ನ ಕೆಲಸವಷ್ಟನ್ನೇ ಮಾಡದೆ ದಾಖಲೆ, ಲಾಗಿನ್, ಸಾಧನ ನಿರ್ವಹಣೆಗಳನ್ನೂ ಸಿಸ್ಟಮ್‌ಡಿ ತನ್ನ ತೆಕ್ಕೆಗೆ ತೆಗೆದುಕೊಳ್ಳುತ್ತಿದೆ, ಒಂದು ಉಪಕರಣ ಒಂದೇ ಕೆಲಸ ಮಾಡಬೇಕೆಂಬ ಯುನಿಕ್ಸ್ ಪರಂಪರೆಗೆ ಇದು ವಿರುದ್ಧ ಎಂಬುದು ವಿರೋಧಿಗಳ ವಾದ. ಈ ಆಕ್ಷೇಪದಲ್ಲಿ ತಥ್ಯವಿದ್ದರೂ, ಚರ್ಚೆಯ ಧಾಟಿ ಹಲವೊಮ್ಮೆ ವಿಷಯವನ್ನು ಬಿಟ್ಟು ವ್ಯಕ್ತಿಗಳ ಮೇಲೆ ತಿರುಗಿದ್ದು ವಿಷಾದಕರ. 2014ರ ನವೆಂಬರ್‌ನಲ್ಲಿ ನಡೆದ ಸಾಮಾನ್ಯ ಮತದಾನದಲ್ಲಿ 'ಇಂಥ ನಿರ್ಣಯದ ಅಗತ್ಯವಿಲ್ಲ' ಎಂಬ ಆಯ್ಕೆಯೇ ಗೆದ್ದಿತು. ಅದೇ ತಿಂಗಳು ಹಲವು ಹಿರಿಯರು ತಮ್ಮ ಹೊಣೆಗಳಿಂದ ಹಿಂದೆ ಸರಿದರು. ಅಸಮ್ಮತಿ ಇದ್ದವರು 'ಡೆವುವಾನ್' ಎಂಬ ಪ್ರತ್ಯೇಕ ವಿತರಣೆಯನ್ನು ಘೋಷಿಸಿದರು, ಅದರ 1.0 ಆವೃತ್ತಿ 2017ರಲ್ಲಿ ಹೊರಬಂದಿತು.

ಗಣಕದಲ್ಲಿ ನಡೆಯುವುದೇನು

ವೀಝಿಯಿಂದ ಜೆಸ್ಸಿಗೆ ಉನ್ನತೀಕರಿಸುವಾಗ 'ಸಿಸ್ಟಮ್‌ಡಿ-ಸಿಸ್‌ವಿ' ಎಂಬ ಪ್ಯಾಕೇಜು ತಾನಾಗಿ ಸ್ಥಾಪನೆಗೊಂಡು ಇನಿಟ್‌ನ ಜಾಗದಲ್ಲಿ ಕುಳಿತುಕೊಳ್ಳುತ್ತದೆ. ಇದು ಬೇಡವೆನ್ನುವವರು ಮೊದಲೇ ಆ ಪ್ಯಾಕೇಜಿನ ಆದ್ಯತೆಯನ್ನು -1 ಎಂದು ನಮೂದಿಸಿ ತಡೆಯಬಹುದು. ಹಳೆಯ ವ್ಯವಸ್ಥೆ 'ಸಿಸ್‌ವಿಇನಿಟ್-ಕೋರ್' ಎಂಬ ಪ್ಯಾಕೇಜಿನಲ್ಲಿ ದೊರೆಯುತ್ತದೆ. ಹಳೆಯ ಸೇವಾ ಲಿಪಿಗಳನ್ನು ಸಿಸ್ಟಮ್‌ಡಿ ಓದಬಲ್ಲುದರಿಂದ ಅವನ್ನೆಲ್ಲ ಒಮ್ಮೆಗೇ ತಿದ್ದಿ ಬರೆಯಬೇಕಾಗಿಲ್ಲ.

ತೊಂದರೆ ಎದುರಾಗುವುದು ಬಹುಶಃ ಯಾರೂ ನಿರೀಕ್ಷಿಸದ ಕಡೆ, ಡಿಸ್ಕ್‌ಗಳ ಪಟ್ಟಿಯಿರುವ 'ಎಫ್‌ಎಸ್‌ಟ್ಯಾಬ್' ಕಡತದಲ್ಲಿ. ಎಂದೋ ಬಳಸಿ ಬಿಟ್ಟ ಹೊರ ಡಿಸ್ಕಿನ ಹೆಸರು ಅದರಲ್ಲಿ ಉಳಿದಿದೆಯೆನ್ನೋಣ. ಹಳೆಯ ವ್ಯವಸ್ಥೆ ಒಂದು ದೋಷ ಸಂದೇಶ ತೋರಿಸಿ ಮುಂದೆ ಸಾಗುತ್ತಿತ್ತು. ಸಿಸ್ಟಮ್‌ಡಿ ಆ ಡಿಸ್ಕಿಗಾಗಿ 90 ಸೆಕೆಂಡು ಕಾದು, ಬರದಿದ್ದರೆ ತುರ್ತು ಸ್ಥಿತಿಗೆ ಇಳಿದು ಗುಪ್ತಪದ ಕೇಳುತ್ತದೆ. ಪಕ್ಕದಲ್ಲಿ ಕೀಲಿಮಣೆಯಿಲ್ಲದ ದೂರದ ಸರ್ವರ್‌ಗೆ ಹೀಗಾದರೆ ಅದು ಸಂಪರ್ಕಕ್ಕೇ ಸಿಗುವುದಿಲ್ಲ. ಆದ್ದರಿಂದ ಉನ್ನತೀಕರಣಕ್ಕೆ ಮುಂಚೆಯೇ ಆ ಕಡತವನ್ನು ಸಾಲು ಸಾಲಾಗಿ ಪರಿಶೀಲಿಸಿ, ಯಾವಾಗಲೂ ಜೋಡಣೆಯಲ್ಲಿರದ ಡಿಸ್ಕ್‌ಗಳ ಸಾಲಿಗೆ 'ನೋಫೇಲ್' ಅಥವಾ 'ನೋಆಟೋ' ಎಂದು ಸೇರಿಸಬೇಕು.

ಇಷ್ಟಾಗಿಯೂ ಯಂತ್ರ ಏಳದಿದ್ದರೆ ದಾರಿಯಿದೆ. ಉನ್ನತೀಕರಿಸಿದ ಗಣಕದಲ್ಲಿ ಹಳೆಯ ಇನಿಟ್‌ನ ಒಂದು ಪ್ರತಿ 'ಲಿಬ್' ಕಡತಕೋಶದೊಳಗಿನ 'ಸಿಸ್‌ವಿಇನಿಟ್' ಉಪಕೋಶದಲ್ಲಿ ಉಳಿದಿರುತ್ತದೆ. ಬೂಟ್ ಲೋಡರ್‌ನಲ್ಲಿ ಕರ್ನೆಲ್ ಸಾಲಿನ ಕೊನೆಗೆ 'ಇನಿಟ್' ಎಂದು ಬರೆದು, ಸಮಚಿಹ್ನೆ ಹಾಕಿ, ಆ ಪ್ರತಿಯ ಪೂರ್ಣ ವಿಳಾಸವನ್ನು ಕೊಟ್ಟರೆ ಆ ಒಂದು ಸಲಕ್ಕೆ ಗಣಕ ಹಳೆಯ ಕ್ರಮದಲ್ಲೇ ಏಳುತ್ತದೆ, ದೋಷವನ್ನು ಸರಿಪಡಿಸಲು ಅವಕಾಶ ಸಿಗುತ್ತದೆ. ಯಾವ ಇನಿಟ್ ನಡೆಯುತ್ತಿದೆಯೆಂದು ತಿಳಿಯಬೇಕಾದರೆ 'ಪಿಎಸ್' ಆದೇಶದಿಂದ 1ನೆಯ ಪ್ರಕ್ರಿಯೆಯ ಹೆಸರನ್ನು ನೋಡಿದರೆ ಸಾಕು.