ಕಲ್ಪವೃಕ್ಷಕ್ಕೆ ಎಷ್ಟು ಬಣ್ಣ? ಕಲಾವಿದ ಎಸ್.ಜಿ. ವಾಸುದೇವ್ ಮರ ನೋಡಿದ ಬಗೆ, ತೆಂಗಿನ ನಾಡಿಗೆ ಅದರಲ್ಲೇನಿದೆ

ತಿಪಟೂರು: ತೆಂಗಿನ ಮರದ ಬಣ್ಣ ಯಾವುದು ಅಂತ ಪೇಟೆ ಮಗುವನ್ನ ಕೇಳಿದರೆ ಹಸಿರು ಅನ್ನುತ್ತೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ರೈತರನ್ನ ಕೇಳಿ ನೋಡಿ, ಉತ್ತರ ಅಷ್ಟು ಸುಲಭಕ್ಕೆ ಮುಗಿಯಲ್ಲ. ಹೊಸ ಹೊಂಬಾಳೆಯ ಬಣ್ಣ ಬೇರೆ, ಬಲಿತ ಗರಿಯ ಬಣ್ಣ ಬೇರೆ. ಕಪ್ಪುತಲೆ ಹುಳು ಬಿದ್ದ ತೋಟ ದೂರದಿಂದಲೇ ಬೆಂಕಿ ತಗುಲಿದ ಹಾಗೆ ಕಂದು ಕಾಣುತ್ತೆ. ಕಾಂಡ ಸೋರುವ ರೋಗ ಬಂದರೆ ಬುಡದಲ್ಲಿ ಕೆಂಗಂದು ರಸ ಇಳಿಯುತ್ತೆ. ಕೊಬ್ಬರಿ ಒಡೆದರೆ ಮೊದಲು ನೋಡೋದೇ ಒಳಗಿನ ಬಿಳುಪು. ಬಣ್ಣ ಓದೋದು ಇಲ್ಲಿನ ಜನಕ್ಕೆ ಹೊಸದಲ್ಲ, ಅದು ಬದುಕಿನ ಲೆಕ್ಕ.

ಆದರೆ ಅದೇ ಮನೆಯ ಹುಡುಗ ಅಥವಾ ಹುಡುಗಿ 'ನಾನು ಚಿತ್ರ ಬರೀತೀನಿ' ಅಂದರೆ ಬರೋ ಪ್ರಶ್ನೆ ಒಂದೇ: 'ಅದರಿಂದ ಹೊಟ್ಟೆ ತುಂಬುತ್ತಾ?'

ಈ ಪ್ರಶ್ನೆಯನ್ನ ಸುಳ್ಳು ಅನ್ನೋ ಹಾಗಿಲ್ಲ. ಆದರೆ ಇದಕ್ಕೆ ಸುಮಾರು ಅರವತ್ತು ವರ್ಷದ ಹಿಂದೆಯೇ ಒಂದು ಉತ್ತರ ಹುಡುಕಿದವರಿದ್ದಾರೆ. ಅವರಲ್ಲಿ ಒಬ್ಬರು ಕನ್ನಡಿಗರು, ಅದರಲ್ಲೂ ಮರವನ್ನೇ ತಮ್ಮ ಕಲೆಯ ಮುಖ್ಯ ವಿಷಯ ಮಾಡಿಕೊಂಡವರು: ಎಸ್.ಜಿ. ವಾಸುದೇವ್.

ಯಾರು ಈ ವಾಸುದೇವ್?

1941ರಲ್ಲಿ ಮೈಸೂರಿನಲ್ಲಿ ಹುಟ್ಟಿದ ವಾಸುದೇವ್ 1960ರ ದಶಕದಲ್ಲಿ ಮದ್ರಾಸಿನ ಸರ್ಕಾರಿ ಕಲೆ ಮತ್ತು ಕರಕುಶಲ ಕಾಲೇಜಿನಲ್ಲಿ ಕಲಿತರು. ಆಗ ಅಲ್ಲಿ ಪ್ರಾಂಶುಪಾಲರಾಗಿದ್ದವರು ಹೆಸರಾಂತ ಕಲಾವಿದ ಕೆ.ಸಿ.ಎಸ್. ಪಣಿಕ್ಕರ್. ಸಿನಿಮಾ ನೋಡುವವರಿಗೆ ವಾಸುದೇವ್ ಇನ್ನೊಂದು ರೀತಿಯಲ್ಲೂ ಪರಿಚಯ. ಯು.ಆರ್. ಅನಂತಮೂರ್ತಿಯವರ ಕಾದಂಬರಿ ಆಧರಿಸಿ 1970ರಲ್ಲಿ ಬಂದ 'ಸಂಸ್ಕಾರ' ಚಿತ್ರಕ್ಕೆ ಕಲಾ ನಿರ್ದೇಶನ ಇವರದ್ದು. ಕವಿ ಎ.ಕೆ. ರಾಮಾನುಜನ್ ಅವರ ಕವಿತೆಗಳನ್ನ ಓದಿ ಬರೆದ ರೇಖಾಚಿತ್ರಗಳೂ ಇವೆ. 2018ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಇವರ ಅಷ್ಟೂ ವರ್ಷಗಳ ಕೆಲಸದ ದೊಡ್ಡ ಪ್ರದರ್ಶನ ನಡೆಯಿತು.

'ವೃಕ್ಷ' ಅಂದರೆ ಏನು?

ವಾಸುದೇವ್ ಹೆಸರು ಹೇಳಿದ ಕೂಡಲೇ ಕಲಾವಲಯದಲ್ಲಿ ನೆನಪಾಗೋದು 'ವೃಕ್ಷ' ಸರಣಿ. ಇದಕ್ಕೆ ಸ್ಫೂರ್ತಿ ದ.ರಾ. ಬೇಂದ್ರೆಯವರ ಕಲ್ಪವೃಕ್ಷದ ಕವಿತೆ. ಈ ಚಿತ್ರಗಳಲ್ಲಿರೋದು ಇಂಥದ್ದೇ ಜಾತಿಯ ಮರ ಅಂತ ಗುರುತಿಸೋಕಾಗಲ್ಲ. ಒಂದು ಕಾಂಡ, ಅದರ ಮೇಲೆ ಹರಡಿದ ತಲೆ, ಆ ತಲೆಯೊಳಗೆ ಹಕ್ಕಿ, ಪ್ರಾಣಿ, ಎಲೆ, ಮನುಷ್ಯರ ಆಕಾರ. ಅಂದರೆ ಮರ ಒಂದು ಗಿಡವಲ್ಲ, ಒಂದು ಊರು.

ಇದು ತೆಂಗಿನ ತೋಟ ಇರುವವರಿಗೆ ಅರ್ಥ ಮಾಡಿಕೊಳ್ಳೋಕೆ ಕಷ್ಟವೇ ಅಲ್ಲ. ಒಂದು ಮರದ ಸುತ್ತ ಮರ ಹತ್ತುವವರು, ಕಾಯಿ ಸುಲಿಯುವವರು, ನಾರು ತೆಗೆಯುವವರು, ಕೊಬ್ಬರಿ ವರ್ತಕರು, ಹಮಾಲರು, ಗರಿಯಿಂದ ಪೊರಕೆ ಮಾಡುವ ಹೆಂಗಸರು, ತಲೆಯಲ್ಲಿ ಅಳಿಲು, ಬುಡದಲ್ಲಿ ಇರುವೆ. ಇಷ್ಟನ್ನೂ ಒಂದೇ ಮರದೊಳಗೆ ಬರೆದರೆ ಹೇಗಿರುತ್ತೆ ಅಂತ ಯೋಚಿಸಿದರೆ 'ವೃಕ್ಷ' ಹತ್ತಿರ ಬರುತ್ತೆ. ಮುಂದೆ ಇವರು 'ಜೀವ ಮತ್ತು ಸಾವಿನ ಮರ' ಅನ್ನೋ ಅರ್ಥದ ಹೆಸರಿನಲ್ಲೂ ಚಿತ್ರ ಮಾಡಿದ್ದಾರೆ. ಅಣಬೆ ರೋಗಕ್ಕೆ ಸಿಕ್ಕ ಹಳೇ ಮರವನ್ನ ಕಡಿಸಿದವರಿಗೆ ಆ ಹೆಸರಿನ ತೂಕ ಬಿಡಿಸಿ ಹೇಳಬೇಕಿಲ್ಲ.

ಒಂದೇ ಮರ, ಹಲವು ಸಾಮಗ್ರಿ

ಬಣ್ಣ, ಕಾಗದ, ಬಟ್ಟೆ, ಲೋಹ ಹೀಗೆ ಬೇರೆ ಬೇರೆ ಸಾಮಗ್ರಿಗಳನ್ನ ಒಂದೇ ಕೃತಿಯಲ್ಲಿ ಸೇರಿಸೋದಕ್ಕೆ ಮಿಶ್ರ ಮಾಧ್ಯಮ ಅಂತಾರೆ. ವಾಸುದೇವ್ ದಾರಿ ಸ್ವಲ್ಪ ಬೇರೆ. ಅವರು ಒಂದೇ ವಿಷಯವನ್ನ ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಹೊತ್ತುಕೊಂಡು ಹೋಗುತ್ತಾರೆ.

ತೈಲವರ್ಣದಲ್ಲಿ: ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಹಚ್ಚಿ, ಆಮೇಲೆ ಗೀರುತ್ತಾರೆ. ಗೀರಿದ ಕಡೆ ಕೆಳಗಿನ ಬಣ್ಣ ಆಚೆ ಬರುತ್ತೆ. ಎಳನೀರು ಕೆತ್ತಿದಾಗ ಹಸಿರು ಸಿಪ್ಪೆಯ ಕೆಳಗೆ ಬಿಳಿ ಕಾಣೋ ಹಾಗೆ.

ತಾಮ್ರದಲ್ಲಿ: ಇಲ್ಲಿ ಬಣ್ಣವೇ ಇಲ್ಲ, ಇರೋದು ತಗಡು. ಅದನ್ನ ಹಿಂದಿನಿಂದ ಬಡಿದರೆ ಮುಂದೆ ಉಬ್ಬು ಬರುತ್ತೆ, ಮುಂದಿನಿಂದ ಬಡಿದರೆ ತಗ್ಗು ಬೀಳುತ್ತೆ. ದೇವರ ಮುಖವಾಡ, ಪ್ರಭಾವಳಿ ಮಾಡುವವರು ಬಳಸುವ ಕೆಲಸ ಇದೇ. ಉಬ್ಬಿನ ಮೇಲೆ ಬೆಳಕು, ತಗ್ಗಿನಲ್ಲಿ ನೆರಳು. ಹೀಗೆ ಬೆಳಕೇ ಬಣ್ಣದ ಕೆಲಸ ಮಾಡುತ್ತೆ.

ರೇಷ್ಮೆಯಲ್ಲಿ: ವಾಸುದೇವ್ ಅವರ ಚಿತ್ರಗಳನ್ನ ನೇಕಾರ ಸುಬ್ಬರಾಯುಲು ಮಗ್ಗದಲ್ಲಿ ನೇಯ್ದಿದ್ದಾರೆ. ಕುಂಚದಲ್ಲಿ ಹಸಿರಿಂದ ಹಳದಿಗೆ ಒಂದೇ ಎಳೆತದಲ್ಲಿ ಹೋಗಬಹುದು. ಮಗ್ಗದಲ್ಲಿ ಆಗಲ್ಲ. ಎರಡು ಛಾಯೆಯ ಎಳೆಗಳನ್ನ ಜೊತೆ ಮಾಡಿ, ಸಾಲು ಸಾಲಾಗಿ ಬಣ್ಣ ತಿರುಗಿಸಬೇಕು. ಹಾಗಾಗಿ ಇಲ್ಲಿ ನೇಕಾರರೂ ಅರ್ಧ ಕಲಾವಿದರೇ.

ಕರ್ನಾಟಕಕ್ಕೆ ಇದು ಹೊಸತೇನಲ್ಲ. ಮೈಸೂರು ಅರಮನೆಯ ಚಿತ್ರಕಾರರ ಮನೆತನದ ಕೆ. ವೆಂಕಟಪ್ಪ (1886–1965) ಊಟಿಯ ಬೆಟ್ಟ, ಮಂಜನ್ನ ಜಲವರ್ಣದಲ್ಲಿ ಬರೆದರು, ಗಾರೆಯಲ್ಲಿ ಉಬ್ಬುಶಿಲ್ಪವನ್ನೂ ಮಾಡಿದರು. ಇನ್ನೂ ಹಿಂದೆ ಹೋದರೆ ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಛಾವಣಿ, ತುರುವೇಕೆರೆಯ ಗಂಗಾಧರೇಶ್ವರ ಗುಡಿಯಲ್ಲಿ ಕನ್ನಡಿಯಂತೆ ಹೊಳೆಯುವ ಕರಿಕಲ್ಲಿನ ನಂದಿ. ಸಾಮಗ್ರಿಯ ಗುಣ ತಿಳಿದು ಕೆಲಸ ಮಾಡಿದವರು ಈ ಮಣ್ಣಲ್ಲೇ ಇದ್ದರು.

ಹೊಟ್ಟೆ ಪ್ರಶ್ನೆಗೆ ಉತ್ತರ

ಈಗ ಮೊದಲಿನ ಪ್ರಶ್ನೆಗೆ ಬರೋಣ. 1960ರ ದಶಕದಲ್ಲಿ ಮದ್ರಾಸಿನ ಕಲಾ ಕಾಲೇಜಿನಿಂದ ಹೊರಬರುತ್ತಿದ್ದ ಹುಡುಗರಿಗೂ ಇದೇ ಚಿಂತೆ ಇತ್ತು. ಆಧುನಿಕ ಚಿತ್ರ ಕೊಳ್ಳುವವರು ತೀರಾ ಕಡಿಮೆ. ನೌಕರಿಗೆ ಸೇರಿದರೆ ಚಿತ್ರ ನಿಂತುಹೋಗುತ್ತೆ. ಕೊಳ್ಳುವವರ ಇಷ್ಟಕ್ಕೆ ಬರೆದರೆ ಅದು ತಮ್ಮ ಚಿತ್ರವಾಗಿ ಉಳಿಯಲ್ಲ.

ಪಣಿಕ್ಕರ್ ಮತ್ತು ಶಿಷ್ಯರು ಕಂಡುಕೊಂಡ ದಾರಿ ಹೀಗಿತ್ತು. ಬಟ್ಟೆಯ ಮೇಲೆ ಮೇಣ ಹಚ್ಚಿ ಬಣ್ಣದಲ್ಲಿ ಅದ್ದುವ ಬಾಟಿಕ್ ಕೆಲಸ ಮಾಡಿ ಮಾರಿದರು. ಆ ದುಡ್ಡು ಕೂಡಿಸಿ ಮದ್ರಾಸಿನ ದಕ್ಷಿಣಕ್ಕೆ, ಸಮುದ್ರದ ದಂಡೆ ಹತ್ತಿರ ಮರಳು ಜಮೀನು ಕೊಂಡರು. 1966ರಲ್ಲಿ ಅಲ್ಲಿ ಶುರುವಾಗಿದ್ದೇ ಚೋಳಮಂಡಲ ಕಲಾವಿದರ ಗ್ರಾಮ. ಅದನ್ನ ಕಟ್ಟಿದವರಲ್ಲಿ ವಾಸುದೇವ್ ಕೂಡ ಒಬ್ಬರು. ಕಲಾವಿದರು ಅಲ್ಲೇ ಮನೆ ಕಟ್ಟಿಕೊಂಡರು. ಕರಕುಶಲ ವಸ್ತು ಮಾರಿದ ದುಡ್ಡು ಅಡುಗೆಮನೆಗೆ, ಉಳಿದ ಹೊತ್ತು ಚಿತ್ರಕ್ಕೆ. ಆ ಊರು ಇವತ್ತಿಗೂ ಇದೆ.

ತೆಂಗಿನ ಭಾಷೆಯಲ್ಲಿ ಹೇಳೋದಾದರೆ ಇದು ಅಂತರ ಬೆಳೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂ. ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆ ದರ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದದ್ದು ಈ ಮೂರೂ ತಾಲ್ಲೂಕು ಮರೆತಿಲ್ಲ. ತೆಂಗನ್ನೇ ನಂಬಿದವರು ಒದ್ದಾಡಿದರು, ನಡುವೆ ಬಾಳೆ, ಅಡಿಕೆ, ಮೆಣಸು ಇದ್ದವರು ಹೇಗೋ ಉಸಿರಾಡಿದರು. ಆದರೂ ಯಾರೂ ತೆಂಗು ಬಿಡಲಿಲ್ಲ. ಬಾಟಿಕ್ ಆ ಕಲಾವಿದರ ಬಾಳೆ, ಚಿತ್ರ ಅವರ ತೆಂಗು.

ಒಂದು ಮಾತು ಇಲ್ಲಿ ಮುಖ್ಯ. ಕಾಯಿಯನ್ನ ಅಟ್ಟಕ್ಕೆ ಹಾಕಿದ ಮರುದಿನವೇ ಕೊಬ್ಬರಿ ಆಗಲ್ಲ. ಒಳಗಿನ ನೀರು ಇಂಗೋಕೆ ಹೆಚ್ಚುಕಮ್ಮಿ ವರ್ಷ ಬೇಕು. ಕಲೆಗೂ ಅಷ್ಟೇ, ಇನ್ನೂ ಹೆಚ್ಚೇ ಬೇಕು. ಆ ಕಾಯುವ ಕಾಲದಲ್ಲಿ ಊಟಕ್ಕೆ ಏನು ಅನ್ನೋದನ್ನ ಮೊದಲೇ ಯೋಚಿಸಿಟ್ಟುಕೊಂಡಿದ್ದು ಚೋಳಮಂಡಲದವರ ಜಾಣತನ.

ಇಲ್ಲಿನ ಹುಡುಗರಿಗೆ ದಾರಿ

ಕಲಿಯಲೇಬೇಕು ಅನ್ನುವವರಿಗೆ ಮೈಸೂರಿನಲ್ಲಿ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು ಕಾವಾ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು ಇದೆ. ಪರಿಷತ್ತಿನವರು ಕುಮಾರಕೃಪಾ ರಸ್ತೆಯಲ್ಲಿ ವರ್ಷದ ಶುರುವಿಗೆ ನಡೆಸುವ ಚಿತ್ರಸಂತೆಯಲ್ಲಿ ಕಲಾವಿದರು ರಸ್ತೆ ಬದಿಯಲ್ಲೇ ಕೂತು ಕೃತಿ ಮಾರುತ್ತಾರೆ. ಒಮ್ಮೆ ಹೋಗಿ ಬಂದರೆ ಯಾರು ಏನು ಕೊಳ್ಳುತ್ತಾರೆ ಅಂತ ಕಣ್ಣಾರೆ ತಿಳಿಯುತ್ತೆ.

ಸಾಮಗ್ರಿಗಂತೂ ಇಲ್ಲಿ ಬರ ಇಲ್ಲ. ನಾರು, ಚಿಪ್ಪು, ಗರಿ, ಒಣಗಿದ ಹೊಂಬಾಳೆ, ತೋಟದ ಕೆಮ್ಮಣ್ಣು ಎಲ್ಲವೂ ಹಿತ್ತಲಲ್ಲೇ ಬಿದ್ದಿರುತ್ತೆ. ನಾರಿಗೆ ಬಣ್ಣ ಹಿಡಿಯುತ್ತೆ, ಚಿಪ್ಪು ಉಜ್ಜಿದಷ್ಟೂ ಹೊಳೆಯುತ್ತೆ, ಮಣ್ಣನ್ನ ಸೋಸಿ ಅಂಟು ಕಲಸಿದರೆ ಅದೇ ಬಣ್ಣ.

ಮನೆಯಲ್ಲಿ ಯಾರಾದರೂ ಚಿತ್ರ ಬರೀತೀನಿ ಅಂದರೆ ಬೇಡ ಅನ್ನುವ ಮೊದಲು ಇನ್ನೊಂದು ಪ್ರಶ್ನೆ ಕೇಳಬಹುದು: 'ಸರಿ, ಜೊತೆಗೆ ಅಂತರ ಬೆಳೆ ಏನು ಹಾಕ್ತೀಯ?'