ನಾಲ್ಕು ತಾಲ್ಲೂಕುಗಳ ನೀರು ಮತ್ತು ಜನ

ದಾವಣಗೆರೆ ಜಿಲ್ಲೆಯು 1997ರ ಆಗಸ್ಟ್ 15ರಂದು ಉದಯವಾಯಿತು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳೂ, ಚಿತ್ರದುರ್ಗದಿಂದ ಜಗಳೂರೂ ಬಂದು ಇದಕ್ಕೆ ಸೇರಿದವು. ನ್ಯಾಮತಿಯು ಹೊನ್ನಾಳಿಯಿಂದ ಈಚೆಗೆ ಬೇರೆಯಾದ ತಾಲ್ಲೂಕು.

ಚನ್ನಗಿರಿಯು ಮಲೆನಾಡಿನ ಸೆರಗು. ಅಲ್ಲಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಏರಿ ಕಟ್ಟಿ ಮಾಡಿದ್ದು. ಶತಮಾನಗಳ ಹಿಂದಿನ ಆ ಏರಿ ಇಂದಿಗೂ ನಿಂತಿರುವುದನ್ನು ಕಂಡಾಗ, ಕಟ್ಟಿದವರ ಜಾಣ್ಮೆಗೆ ತಲೆದೂಗದೆ ಇರಲಾಗದು. ಭದ್ರಾ ನಾಲೆ ಬಂದ ಮೇಲಂತೂ ಭತ್ತಕ್ಕೂ ಅಡಿಕೆಗೂ ಅಲ್ಲಿ ಬರವಿಲ್ಲ. ಹೊನ್ನಾಳಿಯ ಮಗ್ಗುಲಲ್ಲೇ ತುಂಗಭದ್ರೆ ಹರಿಯುತ್ತಾಳೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ದೂರದ ತಾಂಡಾಗಳಿಂದಲೂ ಬಂಜಾರರು ಬರುತ್ತಾರೆ.

ನಮ್ಮ ಜಗಳೂರಿನಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ರಂಗಯ್ಯನದುರ್ಗದ ಕುರುಚಲು ಕಾಡಿನ ಕೊಂಡುಕುರಿಗೆ ಈ ಒಣ ನೆಲ ಒಗ್ಗಿದೆ. ಮನುಷ್ಯನಿಗೆ ಅಷ್ಟು ಸುಲಭವಲ್ಲ. ಮುಗಿಲು ನಂಬಿ ಮೆಕ್ಕೆಜೋಳ, ಶೇಂಗಾ ಬಿತ್ತುತ್ತೇವೆ. ಮಳೆ ತಪ್ಪಿದರೆ ಗುಳೆ. ಅಂಥ ಒಂದು ವರ್ಷ ನನ್ನ ತಂದೆಯವರ ಓದು ನಾಲ್ಕನೆಯ ತರಗತಿಗೆ ನಿಂತಿತು. ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೇ ಮೊದಲು.

ಇನ್ನು ಜನಸಂಖ್ಯೆ. 2011ರ ಗಣತಿಯಂತೆ ಜಿಲ್ಲೆಯ ಜನ 19,45,497. ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಈಗ ವಿಜಯನಗರ ಜಿಲ್ಲೆಯಲ್ಲಿರುವ ಹರಪನಹಳ್ಳಿಯೂ ಅದರಲ್ಲಿ ಸೇರಿದೆ; ನ್ಯಾಮತಿಯವರು ಹೊನ್ನಾಳಿಯ ಲೆಕ್ಕದಲ್ಲಿದ್ದಾರೆ. ಬರಗಾಲದಲ್ಲಿ ಬೀಗ ಬಿದ್ದ ಮನೆಗಳೆಷ್ಟೆಂಬುದನ್ನು ಹತ್ತು ವರ್ಷಕ್ಕೊಮ್ಮೆ ಎಣಿಸುವ ಗಣತಿ ಹೇಳಲಾರದು.

ತುಂಗಭದ್ರೆಯ ನೀರನ್ನೆತ್ತಿ ಜಗಳೂರು ಸೀಮೆಯ 57 ಕೆರೆಗಳನ್ನು ತುಂಬಿಸುವ ಯೋಜನೆಯಾಗಿದೆ. ಭದ್ರಾ ಮೇಲ್ದಂಡೆಯಲ್ಲಿಯೂ ಜಗಳೂರಿಗೆ ಪಾಲಿದೆ. ಕೆರೆ ತುಂಬಿದರೆ ಕೊಳವೆಬಾವಿಗಳಲ್ಲಿ ನೀರು ಏರುತ್ತದೆ. ಎರಡನೆಯ ಬೆಳೆ ಕೈಗೆ ಹತ್ತುತ್ತದೆ. ಆಗ ಸುಗ್ಗಿ ಮುಗಿದೊಡನೆ ಮಕ್ಕಳನ್ನು ಶಾಲೆಯಿಂದ ಬಿಡಿಸಿ ಕರೆದೊಯ್ಯುವ ಪ್ರಸಂಗವೇ ಬಾರದು.