ತೋಟದ ಅತಿಥಿಗೆ ಕುದುರೆ ಸವಾರಿ: ಲಾಭವೆಷ್ಟು, ಹೊಣೆಯೆಷ್ಟು?



ಅಡಿಕೆಯ ಧಾರಣೆ ಏರಲಿ, ಇಳಿಯಲಿ, ಕೊಳವೆ ಬಾವಿಯ ಖರ್ಚು ಮಾತ್ರ ಇಳಿಯುವುದಿಲ್ಲ. ಹಾಗಾಗಿ ತೋಟದ ಮನೆಯಲ್ಲಿ ಪೇಟೆಯ ಅತಿಥಿಗಳನ್ನು ಇರಿಸಿಕೊಂಡು ನಾಲ್ಕು ಕಾಸು ಕಾಣುವ ಯೋಚನೆ ಮಲೆನಾಡಿನ ಕಾಫಿ ಸೀಮೆಯಿಂದ ನಮ್ಮ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಕಡೆಗೂ ಬಂದಿದೆ. ಬಂದ ಅತಿಥಿಗಳಿಗೆ ಕುದುರೆ ಸವಾರಿ ಮಾಡಿಸಿದರೆ ಹೇಗೆ? ಕೇಳಲು ಸೊಗಸಾದ ಈ ಮಾತನ್ನು ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ನೋಡೋಣ.

ಇದು ಎಲ್ಲಿಂದ ಬಂತು?

ಅಮೆರಿಕದ ಪಶ್ಚಿಮ ಸೀಮೆಯಲ್ಲಿ ದನ ಸಾಕುತ್ತಿದ್ದ ಈಟನ್ ಸಹೋದರರು 1880ರ ದಶಕದಲ್ಲಿ ಮನೆಗೆ ಬಂದ ನೆಂಟರಿಷ್ಟರಿಂದ ಊಟ ವಸತಿಗೆ ಹಣ ಪಡೆಯತೊಡಗಿದರು. 1886-87ರ ಭೀಕರ ಚಳಿಗಾಲದಲ್ಲಿ ಆ ಸೀಮೆಯ ದನಗಳು ಲೆಕ್ಕವಿಲ್ಲದಷ್ಟು ಸತ್ತವು. ಅನೇಕ ಪಶುಪಾಲಕರಿಗೆ ಮುಂದೆ ಅತಿಥಿಗಳ ಹಣವೇ ಆಸರೆಯಾಯಿತು. 1904ರಲ್ಲಿ ಈಟನ್ನರು ವ್ಯೋಮಿಂಗ್ ಪ್ರಾಂತಕ್ಕೆ ತಮ್ಮ ನೆಲೆ ಬದಲಿಸಿದರು. 1926ರಲ್ಲಿ ಇಂಥ ಅತಿಥಿಗೃಹಗಳವರು ಸೇರಿ ಸಂಘವನ್ನೇ ಕಟ್ಟಿಕೊಂಡರು. ಕಷ್ಟಕಾಲದ ಉಪಕಸುಬಾಗಿ ಬೆಳೆದದ್ದು ಇದು ಎಂಬುದನ್ನು ನಾವು ಗಮನಿಸಬೇಕು.

ನಮ್ಮ ನಾಡಿಗೂ ಕುದುರೆ ಹೊಸದಲ್ಲ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಷ್ಟು ಹಳೆಯದು. 1918ರಲ್ಲಿ ಹೈಫಾ ಪಟ್ಟಣದ ಮೇಲೆ ನಡೆದ ದಾಳಿಯಲ್ಲಿ ಮೈಸೂರಿನ ಅಶ್ವದಳವೂ ಇತ್ತು. ಬೆಂಗಳೂರಿನ ಸವಾರ ಫವಾದ್ ಮಿರ್ಜಾ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಂತಿಮ ಸುತ್ತು ತಲುಪಿದರು. ಆದರೆ ಅವರೆಲ್ಲ ಪಳಗಿದ ಸವಾರರು. ನಮ್ಮ ಅತಿಥಿ ಕುದುರೆಯನ್ನು ದೂರದಿಂದ ಮಾತ್ರ ನೋಡಿದವನು. ಆ ಮಾತು ಮರೆಯಬಾರದು.

ಹೊಸ ಸವಾರನ ಸುರಕ್ಷತೆ

ಹೊಸಬರನ್ನು ಹತ್ತಿಸುವ ಕುದುರೆ ವಯಸ್ಸು ಮಾಗಿದ, ಶಾಂತ ಸ್ವಭಾವದ್ದಾಗಿರಬೇಕು. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗವನ್ನು ಮೀರಬಾರದು. 300 ಕಿಲೋ ತೂಗುವ ತಟ್ಟುವಿನ ಮೇಲೆ 60 ಕಿಲೋಗಿಂತ ಹೆಚ್ಚು ಭಾರ ಸಲ್ಲದು. ಪೇಟೆಯ ಗಟ್ಟಿ ಆಳು ಬಂದರೆ ಸಂಕೋಚಪಡದೆ ಬೇಡವೆನ್ನಬೇಕು.

ತಲೆಗೆ ಗಟ್ಟಿ ಟೊಪ್ಪಿಗೆ, ಕಾಲಿಗೆ ಹಿಮ್ಮಡಿಯಿರುವ ಬೂಟು ಕಡ್ಡಾಯ. ಚಪ್ಪಲಿ ಹಾಕಿದ ಪಾದ ರಿಕಾಪಿನೊಳಗೆ ತೂರಿ ಸಿಕ್ಕಿಕೊಂಡರೆ, ಬಿದ್ದ ಸವಾರನನ್ನು ಕುದುರೆ ಎಳೆದೊಯ್ಯುತ್ತದೆ. ಕುದುರೆಗೆ ತನ್ನ ಬಾಲದ ಹಿಂದಿನದು ಕಾಣುವುದಿಲ್ಲ. ಆದ್ದರಿಂದ ಮಾತನಾಡಿಸುತ್ತ ಹೆಗಲ ಕಡೆಯಿಂದ ಹತ್ತಿರ ಹೋಗಲು ಅತಿಥಿಗೆ ಮೊದಲೇ ಕಲಿಸಬೇಕು. ಹತ್ತು ನಿಮಿಷ ನಡೆದ ಮೇಲೆ ಹೊಟ್ಟೆಪಟ್ಟಿ ಸಡಿಲವಾಗಿದೆಯೇ ಎಂದು ಮತ್ತೆ ನೋಡಬೇಕು. ಮುಂದೊಬ್ಬ, ಹಿಂದೊಬ್ಬ ಪಳಗಿದ ಆಳು ಇರಬೇಕು. ಎರಡು ಕುದುರೆಗಳ ನಡುವೆ ಒಂದು ಕುದುರೆಯ ಉದ್ದದ ಅಂತರವಿರಲಿ. ಮೊದಲ ದಿನ ಬರೀ ನಡಿಗೆ, ಓಟ ಬೇಡ.

ದಾರಿ ಯಾವುದು?

ಅಡಿಕೆ ತೋಟದೊಳಗೆ ಕುದುರೆ ಬಿಡಬೇಡಿ. ಅಡಿಕೆಯ ಬೇರು ಹೆಚ್ಚಾಗಿ ಮೇಲ್ಮಣ್ಣಿನಲ್ಲಿಯೇ ಹರಡುತ್ತದೆ. ಗೊರಸಿನ ತುಳಿತಕ್ಕೆ ಮಣ್ಣು ಗಟ್ಟಿಯಾಗುತ್ತದೆ, ಹನಿ ನೀರಾವರಿಯ ಪೈಪು ಒಡೆಯುತ್ತದೆ. ಬಂಡಿ ದಾರಿ, ಹೊಲದ ಅಂಚಿನ ಮಣ್ಣಿನ ಹಾದಿಗಳೇ ಸರಿ. ಚಿತ್ರದುರ್ಗದ ಹಾಸುಬಂಡೆಗಳ ಮೇಲೆ ಲಾಳ ಹಾಕಿದ ಗೊರಸು ಜಾರುತ್ತದೆ. ಗುಡ್ಡದ ಮೇಲಿನ ಗಾಳಿಯಂತ್ರಗಳ ಸದ್ದಿಗೂ ತಿರುಗುವ ನೆರಳಿಗೂ ಪಳಗದ ಕುದುರೆ ಬೆಚ್ಚುತ್ತದೆ. ಜೋಗಿಮಟ್ಟಿ ವನ್ಯಧಾಮಕ್ಕೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗುವಂತಿಲ್ಲ. ಕೋಟೆ ಸಂರಕ್ಷಿತ ಸ್ಮಾರಕ, ಅಮೃತಮಹಲ್ ಕಾವಲು ಸರ್ಕಾರದ್ದು. ಕೇಳದೆ ಹೆಜ್ಜೆ ಇಡಬಾರದು. ಬೇಸಿಗೆಯಲ್ಲಿ ಬೆಳಗಿನ ಎಂಟು ಗಂಟೆಯೊಳಗೆ ಸವಾರಿ ಮುಗಿಯಬೇಕು.

ಮೇವು ಮತ್ತು ಆರೋಗ್ಯ

300 ಕಿಲೋ ತೂಕದ ಕುದುರೆಗೆ ದಿನಕ್ಕೆ ಸುಮಾರು 6 ಕಿಲೋ ಒಣ ಮೇವಿನಷ್ಟು ಆಹಾರ ಬೇಕು. ಅದರಲ್ಲಿ ಹೆಚ್ಚಿನ ಪಾಲು ಹುಲ್ಲೇ ಇರಬೇಕು. ನಮ್ಮ ಹೊಲದ ಹುರುಳಿಯನ್ನು ಬೇಯಿಸಿ ಹಿತಮಿತವಾಗಿ ಕೊಡಬಹುದು. ಸೆಕೆಯಲ್ಲಿ ನೀರು ದಿನಕ್ಕೆ 30 ಲೀಟರಿಗೂ ಮೀರೀತು. ಬೂಷ್ಟು ಹಿಡಿದ ಹಿಂಡಿ, ಬೇಲಿಯ ಕಣಗಿಲೆ, ಹರಳು ಬೀಜ ಇವು ಕುದುರೆಗೆ ವಿಷ. ಕೋಳಿ, ದನಗಳ ಕೆಲವು ಸಿದ್ಧ ಆಹಾರಗಳಲ್ಲಿ ಬೆರೆಸುವ ಮೊನೆನ್ಸಿನ್ ಔಷಧಿ ದನಕ್ಕೆ ಸರಿಹೋದರೂ ಕುದುರೆಯನ್ನು ಕೊಲ್ಲಬಲ್ಲದು. ಆದ್ದರಿಂದ ಕೊಟ್ಟಿಗೆಯ ಮೇವಿನ ಚೀಲ ಲಾಯಕ್ಕೆ ಹೋಗಬಾರದು.

ಕುದುರೆಗೆ ವಾಂತಿಯಾಗದು. ಹೊಟ್ಟೆನೋವಿನಿಂದ ಹೊರಳಾಡತೊಡಗಿದರೆ ಮನೆಮದ್ದಿಗೆ ಕಾಯದೆ ಪಶುವೈದ್ಯರನ್ನು ಕರೆಸಿ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಬದಲಿಸಬೇಕು. ಧನುರ್ವಾಯು ಲಸಿಕೆ ಹಾಕಿಸಲೇಬೇಕು. ಮನುಷ್ಯರಿಗೂ ಹರಡುವ ಗ್ಲ್ಯಾಂಡರ್ಸ್ ರೋಗದ ಪರೀಕ್ಷೆ ಆಗದ ಕುದುರೆಯನ್ನು ಕೊಳ್ಳಬೇಡಿ.

ಕೊನೆಗೆ ಲೆಕ್ಕ

ಅತಿಥಿಗಳು ಶನಿವಾರ, ಭಾನುವಾರ ಮಾತ್ರ ಬಂದರೆ ವರ್ಷಕ್ಕೆ 104 ದಿನ ದುಡಿಮೆ. ಕುದುರೆ ತಿನ್ನುವುದು 365 ದಿನ. ಅಂದರೆ ಒಂದು ದಿನದ ಸವಾರಿಯ ಹಣ ಮೂರೂವರೆ ದಿನದ ಮೇವನ್ನು ತೂಗಬೇಕು. ಅದರ ಮೇಲೆ ಆಳಿನ ಸಂಬಳ, ಲಾಳ, ಔಷಧಿ, ಅಪಘಾತದ ವಿಮೆ. ಮಳೆ ಹಿಡಿದ ವಾರಗಳಲ್ಲಿ ಅದೂ ಇಲ್ಲ. ಬರುವ ಇಡುವಳಿಯೆಂದರೆ ಒಂದು ಕುದುರೆಯಿಂದ ದಿನಕ್ಕೆ ಹದಿನೈದು ಕಿಲೋದಷ್ಟು ಲದ್ದಿ. ಚೆನ್ನಾಗಿ ಕೊಳೆಸಿ ತೋಟಕ್ಕೆ ಹಾಕಿದರೆ ಅದು ಒಳ್ಳೆಯ ಗೊಬ್ಬರ.

ಹೀಗಾಗಿ ಎರಡು ಮೂರು ಎಕರೆಯ ಬೆಳೆಗಾರ ಸಾಲ ಮಾಡಿ ಒಬ್ಬನೇ ಕುದುರೆ ಕಟ್ಟುವುದು ನಮಗೆ ಸರಿಕಾಣದು. ಒಂದು ಊರಿನ ನಾಲ್ಕಾರು ಮನೆಯವರು ಸೇರಿ, ಪಳಗಿದ ಸಾಕಣೆಗಾರನೊಬ್ಬನ ಬಳಿ ಮೂರು ಕುದುರೆ ಇರಿಸಿ, ಉಳಿದವರು ಊಟ ವಸತಿ ನೋಡಿಕೊಂಡರೆ ಖರ್ಚೂ ಹಂಚಿಹೋಗುತ್ತದೆ, ಹೊಣೆಯೂ ಹಂಚಿಹೋಗುತ್ತದೆ. ಸಹಕಾರವೆಂದರೆ ಅದೇ ಅಲ್ಲವೇ? ಕುದುರೆ ಕೊಳ್ಳುವ ಮೊದಲು ಒಂದು ವರ್ಷ ಬರೀ ಅತಿಥಿಗಳನ್ನು ಇರಿಸಿಕೊಂಡು ನೋಡಿ. ಮಂದಿ ಬರುವುದು ಖಚಿತವಾದರೆ ಆಮೇಲೆ ಲಾಯ ಕಟ್ಟಬಹುದು.